ಹಳ್ಳಿಯ ಆಸ್ಪತ್ರೆ: ದಾನವೋ, ಬಾಕಿಯೋ?

ಕರ್ನಾಟಕದ ಸರ್ಕಾರಗಳಿಗೆ ‘ಭಾಗ್ಯ’ ಎಂಬ ಪದದ ಮೇಲೆ ಬಹಳ ಪ್ರೀತಿ. ಬಡ ಗರ್ಭಿಣಿಯ ಹೆರಿಗೆಯ ಖರ್ಚನ್ನು ಸರ್ಕಾರ ಭರಿಸಿದರೆ ಅದು ‘ತಾಯಿ ಭಾಗ್ಯ’. ಪಡಿತರದ ಅಕ್ಕಿ ‘ಅನ್ನಭಾಗ್ಯ’. ಶಾಲೆಯಲ್ಲಿ ಕೊಡುವ ಹಾಲು ‘ಕ್ಷೀರಭಾಗ್ಯ’. ಅಧಿಕಾರಕ್ಕೆ ಬರುವ ಪಕ್ಷ ಬದಲಾಗುತ್ತದೆ, ಪದ ಬದಲಾಗುವುದಿಲ್ಲ. ಭಾಗ್ಯ ಎಂದರೆ ಅದೃಷ್ಟ. ಒಲಿದರೆ ಒಲಿಯಿತು, ಇಲ್ಲದಿದ್ದರೆ ಹಣೆಬರಹ. ಅದೃಷ್ಟ ಒಲಿಯಲಿಲ್ಲವೆಂದು ಯಾರ ಮೇಲೂ ದೂರು ಕೊಡಲಾಗದು.

ಹೆಸರಿನಲ್ಲೇನಿದೆ ಎಂದು ಕೆಲವರು ಕೇಳಬಹುದು. ಆದರೆ ಈ ಹೆಸರಿನ ಹಿಂದೆ ಒಂದು ನೈತಿಕ ನಿಲುವು ಅಡಗಿದೆ. ಹಳ್ಳಿಯ ಜನರ ಆರೋಗ್ಯಕ್ಕಾಗಿ ಸರ್ಕಾರ ಖರ್ಚು ಮಾಡುವ ಹಣ ಯಾವ ಬಗೆಯದು? ಉಳ್ಳವರು ಇಲ್ಲದವರಿಗೆ ತೋರುವ ದಯೆಯೇ? ಕಂತು ಕಟ್ಟಿದವರಿಗೆ, ಕಾರ್ಡು ಇದ್ದವರಿಗೆ ಮಾತ್ರ ಸಲ್ಲುವ ವಿಮೆಯೇ? ಅಥವಾ ಹಿಂದೆಯೇ ಪಡೆದುದಕ್ಕೆ ಈಗ ತೀರಿಸಬೇಕಾದ ಬಾಕಿಯೇ? ಮೂರರಲ್ಲಿಯೂ ಖರ್ಚಾಗುವುದು ಅದೇ ರೂಪಾಯಿ. ಆದರೆ ಆ ರೂಪಾಯಿ ತಲುಪದೇ ಹೋದಾಗ ಯಾರು ಯಾರಿಗೆ ಉತ್ತರ ಕೊಡಬೇಕು ಎಂಬುದು ಮೂರರಲ್ಲಿಯೂ ಬೇರೆ ಬೇರೆ. ಈ ಪ್ರಶ್ನೆಯನ್ನು ಬಿಡಿಸಿಕೊಳ್ಳಲು ಶಿವಮೊಗ್ಗ ಮತ್ತು ಭದ್ರಾವತಿಯ ಅನುಭವ ನಮಗೆ ನೆರವಾಗುತ್ತದೆ.

ಗೇಟಿನ ಒಳಗೆ, ಗೇಟಿನ ಹೊರಗೆ

ಹಿಂದೆ ಬೆಂಕಿಪುರ ಎನಿಸಿಕೊಂಡಿದ್ದ ಭದ್ರಾವತಿಯಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಅದು ಸರ್ ಎಂ. ವಿಶ್ವೇಶ್ವರಯ್ಯನವರ ಕನಸಿನ ಕೂಸು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆಯ ಸ್ಥಾಪನೆಯಾಯಿತು. ಕಾರ್ಖಾನೆಯ ಜೊತೆಗೆ ಕಾಲೋನಿ ಬಂತು, ನಲ್ಲಿಯ ನೀರು, ಚರಂಡಿ, ಶಾಲೆ ಬಂದವು. ಕಬ್ಬಿಣದ ಕಾರ್ಖಾನೆಗೆ ತನ್ನದೇ ಆಸ್ಪತ್ರೆಯೂ ಆಯಿತು. ಕಾಯಂ ನೌಕರನ ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದರೆ ಎಲ್ಲಿಗೆ ಹೋಗಬೇಕು, ದುಡ್ಡು ಎಲ್ಲಿಂದ ತರಬೇಕು ಎಂಬ ಚಿಂತೆ ಇರಲಿಲ್ಲ. ಆ ಕಾಲಕ್ಕೆ ಇದು ಸಣ್ಣ ಸಾಧನೆಯಲ್ಲ.

ಆದರೆ ಕುಲುಮೆ ಉರಿದದ್ದು ಗೇಟಿನ ಒಳಗಿದ್ದವರ ಬೆವರಿನಿಂದ ಮಾತ್ರ ಅಲ್ಲ. ಅದಿರು ಬಂದದ್ದು ಕೆಮ್ಮಣ್ಣುಗುಂಡಿಯ ಬೆಟ್ಟದಿಂದ. ಮೊದಲ ದಶಕಗಳಲ್ಲಿ ಕಬ್ಬಿಣ ಕರಗಿಸಿದ್ದು ಮಲೆನಾಡಿನ ಮರ ಸುಟ್ಟು ಮಾಡಿದ ಇದ್ದಿಲಿನಿಂದ. ನೀರು ಭದ್ರೆಯದು. ಕಾಗದಕ್ಕೆ ಬೇಕಾದ ಬಿದಿರು ಸುತ್ತಲಿನ ಕಾಡಿನದು, ಮುಂದೆ ಅಕೇಶಿಯ, ನೀಲಗಿರಿ ಬೆಳೆದದ್ದು ಹಳ್ಳಿಗಳ ಪಕ್ಕದ ಅರಣ್ಯ ಭೂಮಿಯಲ್ಲಿ. ಮರ ಕಡಿದವರು, ಇದ್ದಿಲು ಸುಟ್ಟವರು, ಗಾಡಿ ಹೊಡೆದವರು, ದನ ಮೇಯುವ ಗೋಮಾಳ ಕಳೆದುಕೊಂಡವರು, ಇವರಲ್ಲಿ ಎಷ್ಟೋ ಮಂದಿಯ ಹೆಸರು ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಇರಲಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವನಿಗೆ ಕಾರ್ಖಾನೆಯ ಆಸ್ಪತ್ರೆಯ ಮೇಲೆ ಹಕ್ಕೂ ಇರಲಿಲ್ಲ.

ಇಂಥದೇ ಇನ್ನೊಂದು ಕಬ್ಬಿಣದ ಊರಿನ ಕಥೆ ಇಲ್ಲಿ ನೆನಪಾಗುತ್ತದೆ. ಬ್ರಿಟನ್ನಿನ ವೇಲ್ಸ್ ಪ್ರಾಂತದ ಟ್ರೆಡೆಗರ್ ಕಲ್ಲಿದ್ದಲು ಮತ್ತು ಕಬ್ಬಿಣವನ್ನು ನಂಬಿ ಬದುಕಿದ ಊರು. ಅಲ್ಲಿನ ಕಾರ್ಮಿಕರು 19ನೇ ಶತಮಾನದ ಕೊನೆಯಲ್ಲಿ ತಮ್ಮ ಕೂಲಿಯ ಒಂದು ಪಾಲನ್ನು ಕೂಡಿಸಿ ವೈದ್ಯಕೀಯ ನೆರವಿನ ಸಂಘ ಕಟ್ಟಿಕೊಂಡರು. ಸಂಘವೇ ಡಾಕ್ಟರುಗಳಿಗೆ ಸಂಬಳ ಕೊಡುತ್ತಿತ್ತು. ಆ ಊರಿನಲ್ಲಿ ಹುಟ್ಟಿ ಗಣಿ ಕಾರ್ಮಿಕನಾಗಿ ದುಡಿದ ಅನ್ಯೂರಿನ್ ಬೆವನ್ ಮುಂದೆ ಬ್ರಿಟನ್ನಿನ ಆರೋಗ್ಯ ಮಂತ್ರಿಯಾದರು. 1948ರ ಜುಲೈ 5ರಂದು ಅವರು ಜಾರಿಗೆ ತಂದ ರಾಷ್ಟ್ರೀಯ ಆರೋಗ್ಯ ಸೇವೆ ತಮ್ಮೂರಿನ ಸಂಘದ ಸವಲತ್ತನ್ನೇ ಇಡೀ ದೇಶಕ್ಕೆ ಹಂಚುವ ಕೆಲಸ ಎಂದು ಅವರು ತಿಳಿದಿದ್ದರು. ಟ್ರೆಡೆಗರ್ ತನ್ನ ಗೇಟನ್ನು ತೆರೆಯಿತು. ಭದ್ರಾವತಿಯ ಗೇಟು ಗೇಟಾಗಿಯೇ ಉಳಿಯಿತು.

ಮುಂದೆ ಆದದ್ದೇನು? ಕಾಗದ ಕಾರ್ಖಾನೆ 2015ರ ಹೊತ್ತಿಗೆ ಉತ್ಪಾದನೆ ನಿಲ್ಲಿಸಿತು. ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದಾಗ ಕಾರ್ಮಿಕರು ಧರಣಿ ಕುಳಿತರು. ಪುನಶ್ಚೇತನದ ಮಾತು ಆಮೇಲೆ ಹಲವು ಬಾರಿ ಕೇಳಿಬಂದಿದೆ. ಆದರೆ ಒಂದು ಪಾಠ ಸ್ಪಷ್ಟವಾಗಿದೆ. ನೌಕರಿಗೆ ಅಂಟಿಕೊಂಡ ಆರೋಗ್ಯ ನೌಕರಿ ಇರುವವರೆಗೆ ಮಾತ್ರ. ಗೇಟಿನ ಒಳಗೆ ತಮ್ಮ ಬದುಕು ಭದ್ರವೆಂದು ನಂಬಿದವರು ಕೂಡ ಹೊರಗಿನ ಸಾಲಿಗೆ ಬಂದು ನಿಲ್ಲಬೇಕಾಗುತ್ತದೆ.

ಗಡಿಯ ಆಚೆ, ಗಡಿಯ ಈಚೆ

ಕಾರ್ಖಾನೆಯ ಗೇಟು ಹೋಗಲಿ, ಸರ್ಕಾರದ ಕಡತದಲ್ಲಿ ಎಳೆದ ಒಂದು ಗೆರೆ ಕೂಡ ಜನರ ಸಾವು ಬದುಕನ್ನು ನಿರ್ಧರಿಸಬಲ್ಲದು. 2010ರಲ್ಲಿ ರಾಜ್ಯ ಸರ್ಕಾರ ವಾಜಪೇಯಿ ಆರೋಗ್ಯಶ್ರೀ ಯೋಜನೆಯನ್ನು ಆರಂಭಿಸಿತು. ಬಡತನ ರೇಖೆಯ ಕೆಳಗಿನವರಿಗೆ ಹೃದ್ರೋಗ, ಕ್ಯಾನ್ಸರಿನಂಥ ದೊಡ್ಡ ಕಾಯಿಲೆಗಳ ಚಿಕಿತ್ಸೆ ಉಚಿತ. ಮೊದಲ ಹಂತದಲ್ಲಿ ಅದು ಗುಲ್ಬರ್ಗ ಮತ್ತು ಬೆಳಗಾವಿ ವಿಭಾಗಗಳಿಗೆ ಸೀಮಿತವಾಗಿತ್ತು. ಹಾಗಾಗಿ ಹಾವೇರಿ, ಉತ್ತರ ಕನ್ನಡ ಜಿಲ್ಲೆಗಳ ಬಡವನಿಗೆ ಅದು ಸಿಕ್ಕಿತು. ಗಡಿ ದಾಟಿದರೆ ಶಿವಮೊಗ್ಗ ಜಿಲ್ಲೆ, ಅಲ್ಲಿಯ ಬಡವನಿಗೆ ಸಿಗಲಿಲ್ಲ. ಅದೇ ಮಳೆ, ಅದೇ ಮಾತು, ಎರಡೂ ಕಡೆ ನೆಂಟಸ್ತನ. ಆದರೂ ಎರಡು ವರ್ಷ ಒಂದು ಕಡೆ ಚಿಕಿತ್ಸೆ, ಇನ್ನೊಂದು ಕಡೆ ಕಾಯುವಿಕೆ.

ಈ ಗಡಿಯ ಎರಡೂ ಬದಿಯ ಹಳ್ಳಿಗಳನ್ನು ಹೋಲಿಸಿ ನಡೆದ ಒಂದು ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆ ಇದ್ದ 300 ಹಳ್ಳಿಗಳು, ಇಲ್ಲದ 272 ಹಳ್ಳಿಗಳು. ಯೋಜನೆಯ ವ್ಯಾಪ್ತಿಗೆ ಬರುವ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಸತ್ತವರ ಪ್ರಮಾಣ ಯೋಜನೆ ಇದ್ದ ಕಡೆ ಶೇ. 0.32, ಇಲ್ಲದ ಕಡೆ ಶೇ. 0.90. ಯೋಜನೆಗೆ ಒಳಪಡದ, ಬಡತನ ರೇಖೆಯ ಮೇಲಿನ ಕುಟುಂಬಗಳಲ್ಲಿ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣ. ಅಂದರೆ ವ್ಯತ್ಯಾಸಕ್ಕೆ ಊರಿನ ಗಾಳಿ ನೀರು ಕಾರಣವಲ್ಲ.

‘ಸರ್ಕಾರದ ದುಡ್ಡು ನೀರಿನಲ್ಲಿ ಹೋಮ’ ಎನ್ನುವವರು ಈ ಅಂಕಿಗಳನ್ನು ಗಮನಿಸಬೇಕು. ಸಾರ್ವಜನಿಕ ಹಣ ಸರಿಯಾಗಿ ತಲುಪಿದಾಗ ಜೀವ ಉಳಿಯುತ್ತದೆ. ಅದಕ್ಕಿಂತ ಕಠಿಣವಾದ ಇನ್ನೊಂದು ಮಾತೂ ಇದರಲ್ಲಿದೆ. ಗೆರೆಯ ಈಚೆ ಸತ್ತವರಲ್ಲಿ ಕೆಲವರು ಬದುಕಬಹುದಾಗಿತ್ತು. ಅವರ ಸಾವನ್ನು ದುರದೃಷ್ಟ ಎಂದು ಕರೆದು ನಾವು ಕೈತೊಳೆದುಕೊಳ್ಳಬಹುದೇ?

ಕಾಡಿನಂಚಿನ ಕಾಯಿಲೆ

ಮಾರುಕಟ್ಟೆಯೇ ಎಲ್ಲವನ್ನೂ ನೋಡಿಕೊಳ್ಳುತ್ತದೆ, ಸರ್ಕಾರ ದೂರ ನಿಂತರೆ ಸಾಕು ಎಂಬ ವಾದ ಉದಾರೀಕರಣದ ನಂತರ ಬಲವಾಗಿ ಕೇಳಿಬಂದಿದೆ. ಅದಕ್ಕೆ ಶಿವಮೊಗ್ಗ ಜಿಲ್ಲೆ ಕೊಡುವ ಉತ್ತರ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದವು, ಬೆನ್ನಿಗೇ ಜನರಿಗೂ ಜ್ವರ ಹರಡಿತು. ಪುಣೆಯ ವಿಜ್ಞಾನಿಗಳು ವೈರಸ್ಸನ್ನು ಪತ್ತೆಹಚ್ಚಿದರು. ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ಈ ಕಾಯಿಲೆಗೆ ಇಂದಿಗೂ ಕ್ಯಾಸನೂರು ಕಾಡಿನ ಹೆಸರೇ ಇದೆ. ಉಣ್ಣೆಯ ಕಡಿತದಿಂದ ಹರಡುವ ಇದು ಸೌದೆಗೆ, ದರಕಿಗೆ, ದನ ಕಾಯಲು ಕಾಡಿಗೆ ಹೋಗುವವರನ್ನು ಹಿಡಿಯುತ್ತದೆ. ಅಂದರೆ ರೋಗಿಗಳು ಕೆಲವರು, ಅವರಲ್ಲಿ ಹೆಚ್ಚಿನವರು ಬಡವರು. ಇಂಥವರಿಗಾಗಿ ಲಸಿಕೆ ತಯಾರಿಸಿ ಲಾಭ ಮಾಡುವ ಕಂಪನಿ ಜಗತ್ತಿನಲ್ಲಿ ಎಲ್ಲಿಯೂ ಇಲ್ಲ. ಸರ್ಕಾರ ಮಾಡದಿದ್ದರೆ ಯಾರೂ ಮಾಡುವುದಿಲ್ಲ.

ಸರ್ಕಾರ ಮಾಡಿತು. 1990ರಿಂದ ಲಸಿಕೆ ಕೊಡಲಾಯಿತು. ಆದರೆ ಎಷ್ಟು ಚೆನ್ನಾಗಿ? 2005ರಿಂದ 2010ರವರೆಗಿನ ಮಾಹಿತಿಯನ್ನು ಆಧರಿಸಿದ ಅಧ್ಯಯನದ ಪ್ರಕಾರ ಎರಡು ಡೋಸಿನ ರಕ್ಷಣೆ ಸುಮಾರು ಶೇ. 62, ನಂತರದ ಇನ್ನೊಂದು ಡೋಸನ್ನೂ ಪಡೆದವರಲ್ಲಿ ಶೇ. 83. ಆ ಮೂರನೆಯ ಡೋಸು, ಮತ್ತೆ ವರ್ಷ ವರ್ಷದ ಡೋಸು ಪಡೆಯಬೇಕಾದರೆ ಆರೋಗ್ಯ ಕಾರ್ಯಕರ್ತೆ ಮತ್ತೆ ಮತ್ತೆ ಅದೇ ಮನೆಗೆ ಹೋಗಬೇಕು, ಮನೆಯವರು ಆಕೆಯನ್ನು ನಂಬಬೇಕು. 2018-19ರ ಬೇಸಿಗೆಯ ಮೊದಲೇ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಕಾಯಿಲೆ ಭುಗಿಲೆದ್ದು ಜನ ಸತ್ತರು. ರೋಗಿಗಳನ್ನು ಘಟ್ಟ ಇಳಿಸಿ ಮಣಿಪಾಲಕ್ಕೆ ಒಯ್ಯಬೇಕಾಯಿತು. 2022ರಲ್ಲಿ ಹಳೆಯ ಲಸಿಕೆಯನ್ನು ನಿಲ್ಲಿಸಲಾಯಿತು. ಹೊಸ ಲಸಿಕೆಯ ಕೆಲಸ ಕೈಗೆತ್ತಿಕೊಳ್ಳುವ ಹೊತ್ತಿಗೆ ಕಾಯಿಲೆಗೆ ಅರವತ್ತು ವರ್ಷ ದಾಟಿತ್ತು.

ಅರಳಗೋಡು ಶರಾವತಿ ಕಣಿವೆಯ ಊರು. 1948ರಲ್ಲಿ ಜೋಗದ ವಿದ್ಯುದಾಗಾರ, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು. ಈ ಕಣಿವೆಯ ಜನ ಗದ್ದೆ, ತೋಟ, ಮನೆ ಬಿಟ್ಟು ಎದ್ದುಹೋದರು. ಇಲ್ಲಿಯ ನೀರಿನಿಂದ ಹುಟ್ಟಿದ ವಿದ್ಯುತ್ತು ಬೆಂಗಳೂರಿನ ಕಾರ್ಖಾನೆಗಳನ್ನು ನಡೆಸಿತು, ಭದ್ರಾವತಿಯ ಕುಲುಮೆಗೂ ಹೋಯಿತು. ನಾಡು ಕತ್ತಲೆಯಿಂದ ಬೆಳಕಿಗೆ ಬಂದುದರಲ್ಲಿ ಈ ಕಣಿವೆಯ ಪಾಲಿದೆ. ಹೀಗಿರುವಾಗ ಅಲ್ಲಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಬ್ಬ ಡಾಕ್ಟರನ್ನು ಕಳಿಸಿ ‘ಕೊಡುಗೆ ಕೊಟ್ಟಿದ್ದೇವೆ’ ಎನ್ನುವುದು ಸಾಲಗಾರನು ಅಸಲಿನ ಒಂದು ಕಂತು ಕಟ್ಟಿ ದಾನ ಮಾಡಿದೆನೆಂದು ಹೇಳಿಕೊಂಡಂತೆ.

ಎರಡು ಆಕ್ಷೇಪಗಳು

ಇದಕ್ಕೆ ಗಂಭೀರವಾದ ಆಕ್ಷೇಪಗಳಿವೆ. ಮೊದಲನೆಯದು ‘ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆಯಿಲ್ಲ, ತೆರಿಗೆ ಕಟ್ಟುವವರು ಬೇರೆ, ತಿನ್ನುವವರು ಬೇರೆ’ ಎಂಬುದು. ತೆರಿಗೆ ಎಂದರೆ ಆದಾಯ ತೆರಿಗೆ ಮಾತ್ರವೆಂದು ತಿಳಿದವರ ಮಾತಿದು. ಸೋಪು, ಬಿಸ್ಕತ್ತು, ಚಪ್ಪಲಿ, ಮೊಬೈಲ್ ಕರೆನ್ಸಿ ಕೊಳ್ಳುವ ಅಡಿಕೆ ತೋಟದ ಕೂಲಿಯಾಳು ಪ್ರತಿದಿನವೂ ತೆರಿಗೆ ಕಟ್ಟುತ್ತಾನೆ, ರಸೀದಿ ಮಾತ್ರ ಅವನ ಹೆಸರಿನಲ್ಲಿ ಇರುವುದಿಲ್ಲ. ಇನ್ನು ಪುಕ್ಕಟೆಯ ಮಾತು. ಸೊರಬದ ಮೂಲೆಯಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಬರುವ ರೋಗಿಗೆ ಚೀಟಿಯ ದರ ಎಷ್ಟೇ ಕಡಿಮೆ ಇರಲಿ, ಆ ದಿನದ ಕೂಲಿ ಹೋಗುತ್ತದೆ, ಜೊತೆಗೆ ಬಂದವನ ಕೂಲಿಯೂ ಹೋಗುತ್ತದೆ. 2023ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟಿಲ್ಲ ನಿಜ, ಆದರೆ ಮಲೆನಾಡಿನ ಎಷ್ಟೋ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು. ಊಟ, ಹೊರಗೆ ಬರೆದುಕೊಟ್ಟ ಮಾತ್ರೆ, ಸ್ಕ್ಯಾನಿಂಗ್ ಎಲ್ಲ ಸೇರಿದರೆ ಪುಕ್ಕಟೆ ಚಿಕಿತ್ಸೆಗೂ ಸಾಲ ಮಾಡಬೇಕಾಗುತ್ತದೆ. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ತಮ್ಮ ಜೇಬಿನಿಂದಲೇ ಕೊಟ್ಟ ಪಾಲು 2013-14ರಲ್ಲಿ ಶೇ. 64ರಷ್ಟಿತ್ತು. 2021-22ರಲ್ಲಿ ಅದು ಶೇ. 39.4ಕ್ಕೆ ಇಳಿಯಿತು ಎಂದು ಸರ್ಕಾರದ ಲೆಕ್ಕ ಹೇಳುತ್ತದೆ. ಇಳಿದದ್ದು ಸಂತೋಷವೇ. ಆದರೂ ಹತ್ತರಲ್ಲಿ ನಾಲ್ಕು ರೂಪಾಯಿ ರೋಗಿಯೇ ಕೊಡುವ ವ್ಯವಸ್ಥೆಯನ್ನು ಪುಕ್ಕಟೆ ಎನ್ನಲಾಗದು.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಇರುವ ಹಣ ಮಿತವಾದುದು. ಅದೇ ಹಣವನ್ನು ನಗರದ ದೊಡ್ಡ ಆಸ್ಪತ್ರೆಗೆ ಹಾಕಿದರೆ ಹೆಚ್ಚು ಜೀವ ಉಳಿಯುವುದಾದರೆ, ಹತ್ತಾರು ಮನೆಯ ಹಳ್ಳಿಗಾಗಿ ಏಕೆ ಖರ್ಚು ಮಾಡಬೇಕು? ಹೆಚ್ಚು ಜನರ ಹಿತವೇ ಧರ್ಮವಲ್ಲವೇ? ಈ ಮಾತನ್ನು ತಳ್ಳಿಹಾಕುವಂತಿಲ್ಲ. ಪ್ರತಿ ಹಳ್ಳಿಗೂ ಒಬ್ಬ ಸರ್ಜನ್ ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. 2007ರಲ್ಲಿ ಶಿವಮೊಗ್ಗದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದ ಮೇಲೆ ಮೆಗ್ಗಾನ್ ಆಸ್ಪತ್ರೆಯ ಬಲ ಹೆಚ್ಚಿತು. ಅದರ ಪ್ರಯೋಜನ ಏಳು ತಾಲ್ಲೂಕುಗಳಿಗಲ್ಲದೆ ಹೊನ್ನಾಳಿ, ಚನ್ನಗಿರಿ, ತರೀಕೆರೆಯವರಿಗೂ ಆಗಿದೆ. ಆದರೆ ಒಂದು ಸಂಗತಿಯನ್ನು ಮರೆಯಬಾರದು. ಹಳ್ಳಿಯಲ್ಲಿ ಬಿ.ಪಿ. ಮಾತ್ರೆ ತಿಂಗಳು ತಿಂಗಳು ಸಿಗದಿದ್ದರೆ ಅದೇ ಮನುಷ್ಯ ನಾಳೆ ಲಕ್ವ ಹೊಡೆಸಿಕೊಂಡು ಮೆಗ್ಗಾನಿನ ಹಾಸಿಗೆಯಲ್ಲಿರುತ್ತಾನೆ. ಕೆಳಗಿನ ಕೇಂದ್ರ ಸೋತಷ್ಟೂ ಮೇಲಿನ ಆಸ್ಪತ್ರೆ ತುಂಬಿ ತುಳುಕುತ್ತದೆ. ಆಮೇಲೆ ಅಲ್ಲಿಯ ನರ್ಸಿನ ಸಿಡುಕನ್ನು ನಾವು ದೂರುತ್ತೇವೆ. ರಾಷ್ಟ್ರೀಯ ಆರೋಗ್ಯ ನೀತಿ 2017ರಲ್ಲಿ ಸರ್ಕಾರದ ಆರೋಗ್ಯ ವೆಚ್ಚ 2025ರೊಳಗೆ ರಾಷ್ಟ್ರೀಯ ಉತ್ಪನ್ನದ ಶೇ. 2.5ಕ್ಕೆ ಏರಬೇಕು, ಅದರ ಮೂರನೇ ಎರಡರಷ್ಟು ಪ್ರಾಥಮಿಕ ಆರೋಗ್ಯಕ್ಕೆ ಹೋಗಬೇಕು ಎಂದದ್ದು ಇದೇ ಕಾರಣಕ್ಕೆ. 2021-22ರಲ್ಲಿ ನಾವಿದ್ದದ್ದು ಶೇ. 1.84ರಲ್ಲಿ, ಅದೂ ಕೋವಿಡ್ಡಿನ ಒತ್ತಡದ ವರ್ಷ.

ವಿಮಾ ಕಾರ್ಡಿನ ಮಿತಿ ಇರುವುದೂ ಇಲ್ಲಿಯೇ. ಕಾರ್ಡು ತೆರೆಯುವುದು ಆಸ್ಪತ್ರೆಯಲ್ಲಿ ಮಲಗಿದ ಮೇಲೆ. ಮಲಗದಂತೆ ನೋಡಿಕೊಳ್ಳುವ ಮಾತ್ರೆಗೆ, ರಕ್ತ ಪರೀಕ್ಷೆಗೆ, ಬಸುರಿಯ ತಪಾಸಣೆಗೆ ಕಾರ್ಡು ಉತ್ತರವಾಗದು. ಆರೋಗ್ಯಶ್ರೀ ಕೂಡ ಹಳ್ಳಿಗಳ ಬಳಿ ತಪಾಸಣಾ ಶಿಬಿರ ನಡೆಸಿ ರೋಗಿಗಳನ್ನು ಗುರುತಿಸಿತ್ತು ಎಂಬುದನ್ನು ನೆನಪಿಡಬೇಕು.

ಹಲ್ಲು ಎಣಿಸುವ ಹಕ್ಕು

‘ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದು’ ಎಂದು ನಮ್ಮಲ್ಲಿ ಗಾದೆ. ದಾನದ ವಿಷಯದಲ್ಲಿ ಅದು ಒಳ್ಳೆಯ ನಡತೆ. ಆದರೆ ಅದೇ ಗಾದೆ ಸರ್ಕಾರಿ ಆಸ್ಪತ್ರೆಗೆ ಅಂಟಿಕೊಂಡಾಗ ಜೀವ ತೆಗೆಯುತ್ತದೆ. ಡಾಕ್ಟರ್ ಹನ್ನೊಂದು ಗಂಟೆಗೆ ಬಂದರೂ ಸುಮ್ಮನಿರು, ಔಷಧಿ ಇಲ್ಲವೆಂದರೆ ಹೊರಗೆ ಕೊಂಡುಕೋ, ಬೈದರೆ ಬೈಸಿಕೋ. ಧರ್ಮಕ್ಕೆ ಸಿಗುತ್ತಿರುವಾಗ ಕೇಳುವುದೇನು? 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ತಾಯಂದಿರು ಒಬ್ಬರ ಹಿಂದೊಬ್ಬರು ಸತ್ತರು. ಅವರಿಗೆ ಏರಿಸಿದ ಡ್ರಿಪ್ಪಿನ ಗುಣಮಟ್ಟದ ಮೇಲೆ ಅನುಮಾನ ಬಂದು ಸರ್ಕಾರ ಅದರ ಬಳಕೆಯನ್ನು ತಡೆಹಿಡಿಯಿತು. ಹಲ್ಲು ಎಣಿಸದ ಹಸುವಿನ ಬೆಲೆಯನ್ನು ಬಾಣಂತಿಯರು ತೆತ್ತರು.

ಬಾಕಿ ಹಾಗಲ್ಲ. ಬಾಕಿಗೆ ಅಳತೆ ಇದೆ, ವಾಯಿದೆ ಇದೆ. ತೂಕದಲ್ಲಿ ಕಡಿಮೆ ಬಂದರೆ ಕೇಳುವ ಹಕ್ಕಿದೆ. ಡಾ. ಎಚ್. ಸುದರ್ಶನ್ ಅಧ್ಯಕ್ಷತೆಯ ರಾಜ್ಯ ಆರೋಗ್ಯ ಕಾರ್ಯಪಡೆ 2001ರಲ್ಲಿ ಕೊಟ್ಟ ವರದಿಯ ಶೀರ್ಷಿಕೆಯಲ್ಲೇ ಸಮಾನತೆ, ಗುಣಮಟ್ಟ, ಪ್ರಾಮಾಣಿಕತೆ ಎಂಬ ಮೂರು ಮಾತುಗಳಿದ್ದವು. ಈ ಮೂರರಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಸಾಧಿಸಲಾಗದು. ಮಲೆನಾಡಿನಲ್ಲಿ 20,000 ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, 3,000 ಜನರಿಗೊಂದು ಉಪಕೇಂದ್ರ ಎಂಬ ನಿಯಮವಿದೆ. ಕಟ್ಟಡ ಎಣಿಸುವುದು ಸುಲಭ. ಎಣಿಸಬೇಕಾದದ್ದು ಬೇರೆ: ಹೇಳಿದ ಹೊತ್ತಿಗೆ ಡಾಕ್ಟರ್ ಇದ್ದಾರೆಯೇ, ಸಕ್ಕರೆ ಕಾಯಿಲೆಯ ಮಾತ್ರೆ ತಿಂಗಳ ಕೊನೆಯಲ್ಲೂ ಸಿಗುತ್ತದೆಯೇ, ಮಳೆಗಾಲದ ರಾತ್ರಿ 108ರ ವಾಹನ ಎಷ್ಟು ಹೊತ್ತಿಗೆ ಬರುತ್ತದೆ, ಆಶಾ ಕಾರ್ಯಕರ್ತೆಗೆ ಪ್ರೋತ್ಸಾಹಧನ ಸಂದಿದೆಯೇ. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನಲ್ಲಿ ಚಳಿಯಲ್ಲಿ ಧರಣಿ ಕುಳಿತು ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಪಡೆಯಬೇಕಾಯಿತು. ಹಳ್ಳಿಯ ಆರೋಗ್ಯವನ್ನು ಹೊತ್ತವಳ ದುಡಿಮೆಯನ್ನೇ ನಾವು ‘ಸೇವೆ’ ಎಂದು ಕರೆದು ಅರ್ಧ ದಾನವಾಗಿ ಪಡೆಯುತ್ತಿದ್ದೇವೆ.

ಬಾಕಿಯ ಇನ್ನೊಂದು ಗುಣ ಸ್ಥಿರತೆ. 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆಯಲ್ಲಿ ಸಹಕಾರ ಸಂಘದ ಸದಸ್ಯನಾದ ರೈತ ವರ್ಷಕ್ಕೆ 60 ರೂಪಾಯಿ ಕಟ್ಟಿ ದೊಡ್ಡ ಶಸ್ತ್ರಚಿಕಿತ್ಸೆಗೂ ಅರ್ಹನಾಗುತ್ತಿದ್ದ. 2018ರಲ್ಲಿ ಅದು ನಿಂತಿತು. 2022-23ರಲ್ಲಿ ಮತ್ತೆ ಬಂತು. ನಡುವೆ ಆರೋಗ್ಯಶ್ರೀ, ಆರೋಗ್ಯ ಕರ್ನಾಟಕ, ಆಯುಷ್ಮಾನ್ ಎಂದು ಹೆಸರುಗಳು ಬದಲಾದವು. ಕಾರ್ಡಿನ ಮೇಲಿನ ಫೋಟೋ ಬದಲಾದಾಗಲೆಲ್ಲ ಹಳ್ಳಿಯವನು ಮತ್ತೆ ಸಾಲಿನಲ್ಲಿ ನಿಂತು ತಾನು ಬಡವನೆಂದು ಸಾಬೀತು ಮಾಡಬೇಕು.

ಈ ವಿಷಯದಲ್ಲಿ ಒಂದು ಹಳೆಯ ಮಾದರಿ ಗಮನಾರ್ಹ. 1284ರಲ್ಲಿ ಸುಲ್ತಾನ ಕಲಾವೂನ್ ಕೈರೋದಲ್ಲಿ ಬಿಮಾರಿಸ್ತಾನ, ಅಂದರೆ ಆಸ್ಪತ್ರೆ ಕಟ್ಟಿಸಿದಾಗ ಅದರ ಖರ್ಚನ್ನು ಅರಮನೆಯ ಮರ್ಜಿಗೆ ಬಿಡಲಿಲ್ಲ. ಆಸ್ತಿಗಳನ್ನು ವಕ್ಫ್ ಮಾಡಿ ಅವುಗಳ ಉತ್ಪನ್ನ ಆಸ್ಪತ್ರೆಗೇ ಸಲ್ಲಬೇಕೆಂದು ಪತ್ರ ಬರೆಸಿದನು. ಗಂಡಸು ಹೆಂಗಸು, ಬಡವ ಬಲ್ಲಿದ ಎಂಬ ಭೇದವಿಲ್ಲದೆ ಚಿಕಿತ್ಸೆ ಕೊಡಬೇಕೆಂಬುದು ಅದರ ಷರತ್ತು. ಕೊಟ್ಟವನ ಉದ್ದೇಶ ಪುಣ್ಯವೇ ಇರಬಹುದು, ಆದರೆ ಪತ್ರವಾದ ಮೇಲೆ ಅದು ರೋಗಿಯ ಪಾಲಾಯಿತು, ಮುಂದಿನ ಅರಸನು ಹಿಂದಕ್ಕೆ ಪಡೆಯುವಂತಿರಲಿಲ್ಲ. ವಕ್ಫ್ ಆಸ್ತಿಗಳೂ ಕಾಲಾಂತರದಲ್ಲಿ ಕಬಳಿಕೆಗೆ ಒಳಗಾದುದನ್ನು ನಾವು ಬಲ್ಲೆವು. ಹಾಗಾಗಿ ಪತ್ರ ಮಾತ್ರ ಸಾಲದು, ಲೆಕ್ಕ ಕೇಳುವವರೂ ಬೇಕು.

ಆ ಲೆಕ್ಕ ಕೇಳುವ ಜಾಗಗಳು ನಮ್ಮಲ್ಲಿ ಕಾಗದದ ಮೇಲೆ ಆಗಲೇ ಇವೆ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಬಂದಾಗ ಗ್ರಾಮ ಆರೋಗ್ಯ ಸಮಿತಿ, ಆರೋಗ್ಯ ರಕ್ಷಾ ಸಮಿತಿಗಳು ಹುಟ್ಟಿದವು. ಸ್ಥಳೀಯ ಅಗತ್ಯಕ್ಕೆಂದು ಗ್ರಾಮ ಸಮಿತಿಗೆ ವರ್ಷಕ್ಕೆ 10,000 ರೂಪಾಯಿಯ ಮುಕ್ತ ನಿಧಿಯೂ ಬಂತು. ಆ ಸಮಿತಿಯ ಸದಸ್ಯರು ಯಾರು, ಹಣ ಯಾವುದಕ್ಕೆ ಖರ್ಚಾಯಿತು ಎಂದು ನಮ್ಮಲ್ಲಿ ಎಷ್ಟು ಮಂದಿ ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳಿದ್ದೇವೆ? ರಸ್ತೆ, ಚರಂಡಿ, ಮನೆ ಹಂಚಿಕೆಗೆ ಗಲಾಟೆ ಮಾಡುವ ನಾವು ಔಷಧಿಯ ದಾಸ್ತಾನು ಪುಸ್ತಕವನ್ನು ಕೇಳುವುದಿಲ್ಲ. ಮಸೀದಿ, ದೇವಸ್ಥಾನ, ಚರ್ಚುಗಳ ಸಮಿತಿಗಳು ಉಚಿತ ಶಿಬಿರ ನಡೆಸಿ ತೃಪ್ತಿಪಡುತ್ತವೆ. ಶಿಬಿರ ಒಳ್ಳೆಯದೇ. ಆದರೆ ವರ್ಷಕ್ಕೊಂದು ಭಾನುವಾರದ ಶಿಬಿರಕ್ಕಿಂತ ಊರಿನ ಆರೋಗ್ಯ ಕೇಂದ್ರವನ್ನು ಆರು ದಿನವೂ ತೆರೆಸಿಡುವುದು ದೊಡ್ಡ ಕೆಲಸ. ಅದರಲ್ಲಿ ಜಾತಿ ಧರ್ಮ ಮರೆತು ಒಟ್ಟಾಗಿ ನಿಲ್ಲುವ ಅವಕಾಶವೂ ಇದೆ, ಏಕೆಂದರೆ ಉಣ್ಣೆ ಯಾರ ಧರ್ಮವನ್ನೂ ಕೇಳಿ ಕಚ್ಚುವುದಿಲ್ಲ.

ಸರ್ಕಾರ ಯೋಜನೆಗೆ ಏನೇ ಹೆಸರಿಡಲಿ, ಪಡೆಯುವವರು ಅದನ್ನು ಭಾಗ್ಯವೆಂದು ಒಪ್ಪಿಕೊಳ್ಳಬೇಕಾಗಿಲ್ಲ. ಇದ್ದಿಲು ಕೊಟ್ಟವರು, ಅದಿರು ಹೊತ್ತವರು, ಅಣೆಕಟ್ಟಿಗಾಗಿ ಮನೆ ಬಿಟ್ಟವರು, ಅಂಗಡಿಯಲ್ಲಿ ದಿನವೂ ತೆರಿಗೆ ಕಟ್ಟುವವರು ಆರೋಗ್ಯ ಕೇಂದ್ರದ ಮೆಟ್ಟಿಲು ಹತ್ತುವಾಗ ಕೈಮುಗಿದು ನಿಲ್ಲುವ ಅಗತ್ಯವಿಲ್ಲ. ಅವರು ಕೇಳಲು ಬಂದಿರುವುದು ತಮಗೆ ಸಲ್ಲಬೇಕಾದುದನ್ನು.